ಹೋಬಳಿಯ ದೇವರು, ಪುಸ್ತಕದ ದೇವರು: ನವಪೇಗನ್ ಪಂಥದ ಪರಿಚಯಕ್ಕೊಂದು ಚಾರಿತ್ರಿಕ ಪ್ರವೇಶ

ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಸುತ್ತಣ ಹಳ್ಳಿಗಳಲ್ಲಿ ಅಮ್ಮನ ಹಬ್ಬಕ್ಕೆ ಸಾರು ಹಾಕಿದ ಮೇಲೆ ಊರ ಹಿರಿಯರು ಮನೆಮನೆಗೆ ಬಂದು ವಂತಿಗೆ ಎತ್ತುವುದು ರೂಢಿ. ಅಲ್ಲೊಂದು ಇಲ್ಲೊಂದು ಇರುವ ಕ್ರೈಸ್ತ ಮನೆಯ ಬಾಗಿಲಿಗೂ ಅವರು ಬರುತ್ತಾರೆ. ಕೊಡಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಹೊತ್ತು ಅಂಥ ಮನೆಯ ಮಗನೊಬ್ಬ ಸೆಮಿನರಿಗೆ ಬಂದರೆ, ಸಭಾಚರಿತ್ರೆಯ ತರಗತಿಯಲ್ಲಿ ನಾವು ಅವನ ಕೈಗೆ ಕೊಡುವ ಪದ ‘ಪೇಗನ್’. ರೋಮನ್ ಸಾಮ್ರಾಜ್ಯದಲ್ಲಿ ಸಭೆಯು ಗೆದ್ದ ಧರ್ಮಗಳಿಗೆ ಆ ಹೆಸರು. ತನ್ನ ಅಜ್ಜಿಯ ಅಮ್ಮನಿಗೂ ಅದೇ ಹೆಸರು ಸಲ್ಲುತ್ತದೆಂದು ಅವನು ತಿಳಿಯುತ್ತಾನೆ. ಗ್ರಂಥಾಲಯದಲ್ಲಿ ಇನ್ನೊಂದು ಪುಸ್ತಕ ತೆರೆದರೆ, ಇಂದಿನ ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಓದುಬರಹ ಬಲ್ಲ ನಗರವಾಸಿಗಳು ತಮ್ಮನ್ನು ತಾವೇ ಹೆಮ್ಮೆಯಿಂದ ಪೇಗನ್ ಎಂದು ಕರೆದುಕೊಳ್ಳುತ್ತಿದ್ದಾರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಗೆ ಬರೆಯಿಸಿದವರು ಸುಮಾರು 74,000 ಮಂದಿ. ಒಂದೇ ಪದ ಮೂರು ಕಡೆ ನಿಂತಿದೆ. ಮೂರೂ ಒಂದೇ ವಸ್ತುವೆಂದು ತಿಳಿದ ಬೋಧಕನು ಬಿಳಿಗೆರೆಯಲ್ಲಿಯೂ ತಪ್ಪುತ್ತಾನೆ, ಲಂಡನ್ನಿನಲ್ಲಿಯೂ ತಪ್ಪುತ್ತಾನೆ.

ಪದದಿಂದಲೇ ಆರಂಭಿಸೋಣ. ಲ್ಯಾಟಿನ್ನಿನ ‘ಪಾಗುಸ್’ ಎಂದರೆ ಗ್ರಾಮಾಂತರದ ಒಂದು ವಿಭಾಗ. ನಮ್ಮ ‘ಹೋಬಳಿ’ ಎಂಬ ಮಾತು ಅದಕ್ಕೆ ಹತ್ತಿರ. ‘ಪಾಗಾನುಸ್’ ಎಂದರೆ ಅಲ್ಲಿಯವನು, ಹಳ್ಳಿಗ. ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತರು ಈ ಪದವನ್ನು ಯೆಹೂದ್ಯರೂ ಕ್ರೈಸ್ತರೂ ಅಲ್ಲದವರಿಗೆಲ್ಲ ಬಳಸತೊಡಗಿದರು. ಏಕೆ ಬಳಸಿದರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಸುಮಾರು 417ರಲ್ಲಿ ತನ್ನ ಇತಿಹಾಸವನ್ನು ಬರೆದು ಮುಗಿಸಿದ ಒರೋಸಿಯುಸನು, ಹಳ್ಳಿಯ ಕವಲುದಾರಿಗಳಲ್ಲಿ ಬದುಕುವವರಾದುದರಿಂದ ಅವರಿಗೆ ಆ ಹೆಸರು ಬಂದಿತೆಂದು ವಿವರಿಸಿದನು. ನಗರಗಳು ಮೊದಲು ಕ್ರಿಸ್ತನನ್ನು ಒಪ್ಪಿದವು, ಹಳ್ಳಿಗಳು ಹಿಂದುಳಿದವು ಎಂಬುದು ಇದರ ಭಾವ. ಸೈನಿಕರ ಆಡುಮಾತಿನಲ್ಲಿ ಪಾಗಾನುಸ್ ಎಂದರೆ ದಂಡಿಗೆ ಸೇರದವನು. ತೆರ್ತುಲ್ಲಿಯಾನನಲ್ಲಿ ಆ ಅರ್ಥವಿದೆ. ಕ್ರಿಸ್ತನ ಸೈನ್ಯಕ್ಕೆ ಸೇರದವನೇ ಪೇಗನ್ ಎಂಬ ಇನ್ನೊಂದು ವಾದ ಅಲ್ಲಿಂದ ಹುಟ್ಟಿತು. ಯಾವ ವಾದವನ್ನು ಹಿಡಿದರೂ ಒಂದು ಮಾತು ಉಳಿಯುತ್ತದೆ: ಯಾವನೂ ತನ್ನನ್ನು ತಾನು ಹಾಗೆ ಕರೆದುಕೊಂಡವನಲ್ಲ. ಜಯ ದೇವತೆಯ ಬಲಿಪೀಠವನ್ನು ಸೆನೆಟಿನಲ್ಲಿ ಮತ್ತೆ ಸ್ಥಾಪಿಸಬೇಕೆಂದು 384ರಲ್ಲಿ ಬಿನ್ನವಿಸಿದ ಸಿಮ್ಮಾಖುಸನು ರೋಮಿನ ಅತ್ಯುನ್ನತ ಕುಲೀನರಲ್ಲಿ ಒಬ್ಬನು. ಅವನನ್ನು ಎದುರಿಸಿದ ಬಿಷಪ್ ಅಂಬ್ರೋಸನ ಶಿಬಿರದ ಮಾತಿನಲ್ಲಿ ಅವನೂ ಹಳ್ಳಿಗನೇ!

392ರಲ್ಲಿ ಚಕ್ರವರ್ತಿ ಥಿಯೊಡೋಸಿಯುಸನು ಹೊರಡಿಸಿದ ಶಾಸನವು ಪಶುಬಲಿಯನ್ನು ಮಾತ್ರವಲ್ಲದೆ, ಮನೆಯೊಳಗಿನ ದೇವರಿಗೆ ದೀಪ ಹಚ್ಚುವುದನ್ನೂ ಧೂಪ ಹಾಕುವುದನ್ನೂ ಹಾರ ತೂಗುವುದನ್ನೂ ನಿಷೇಧಿಸಿತು. ನೂರು ವರ್ಷಕ್ಕೂ ಕಡಿಮೆ ಅವಧಿಯ ಹಿಂದೆ ಹಿಂಸೆಗೊಳಗಾಗಿದ್ದ ಸಭೆ ಈಗ ರಾಜನ ಕೈಯಿಂದ ಪರರ ನಡುಮನೆಯನ್ನು ಶೋಧಿಸುವಂತಾಯಿತು. ಈ ಶಾಸನವನ್ನು ಸಭೆಯ ವಿಜಯವೆಂದು ಬೋಧಿಸುವಾಗ ನಮಗೆ ಹಿಂಜರಿಕೆಯಾಗುತ್ತದೆ, ಆಗಬೇಕಾದದ್ದೇ.

ಜರ್ಮನ್ ಭಾಷೆಯಲ್ಲಿ ಇದೇ ಪದದ ಜಾಗದಲ್ಲಿ ‘ಹೈಡೆ’ ಎಂಬುದಿದೆ. ತರಂಗಂಬಾಡಿಯ ಲೂಥರನ್ ಮಿಷನರಿ ಬಾರ್ತೊಲೊಮೇಯುಸ್ ಸೀಗನ್‌ಬಾಲ್ಗ್ 1711ರಲ್ಲಿ ತಮಿಳರ ಧರ್ಮದ ಕುರಿತು ಒಂದು ಗ್ರಂಥವನ್ನೂ, 1713ರಲ್ಲಿ ದಕ್ಷಿಣದ ದೇವತೆಗಳ ವಂಶಾವಳಿಯನ್ನೂ ಬರೆದನು. ಎರಡನೆಯದರಲ್ಲಿ ಮಾರಿಯಮ್ಮ, ಎಲ್ಲಮ್ಮರಂಥ ಗ್ರಾಮದೇವತೆಗಳಿಗೆ ಪ್ರತ್ಯೇಕ ಭಾಗವೇ ಇದೆ. ಹಸ್ತಪ್ರತಿ ಹಾಲೆ ನಗರಕ್ಕೆ ತಲುಪಿದಾಗ ಹಿರಿಯನಾದ ಫ್ರಾಂಕೆ ಅದನ್ನು ಅಚ್ಚು ಹಾಕಿಸಲಿಲ್ಲ. ಮಿಷನರಿಗಳನ್ನು ಕಳುಹಿಸಿದ್ದು ಅನ್ಯಧರ್ಮವನ್ನು ಕಿತ್ತೊಗೆಯಲಿಕ್ಕೇ ಹೊರತು ಅದರ ಕಥೆಗಳನ್ನು ಯೂರೋಪಿನಲ್ಲಿ ಹರಡಲಿಕ್ಕಲ್ಲ ಎಂಬುದು ಅವನ ನಿಲುವು. ವಂಶಾವಳಿ ಮದರಾಸಿನಲ್ಲಿ ಅಚ್ಚಾದದ್ದು 1867ರಲ್ಲಿ, ಬರೆದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ನೆರೆಯವನ ದೇವರನ್ನು ಖಂಡಿಸುವ ಮೊದಲು ಅವನು ಏನನ್ನು ನಂಬುತ್ತಾನೆಂದು ಅವನ ಬಾಯಿಂದಲೇ ಕೇಳಬೇಕೆಂಬ ಸೀಗನ್‌ಬಾಲ್ಗನ ಶಿಸ್ತು ಅಷ್ಟು ಕಾಲ ಕಪಾಟಿನಲ್ಲಿ ಕುಳಿತಿತ್ತು.

ನಮ್ಮ ತೆಂಗಿನ ಸೀಮೆಗೆ ಸುವಾರ್ತೆ ಬಂದದ್ದು ವೆಸ್ಲಿಯನ್ ಮಿಷನ್ನಿನ ಮೂಲಕ. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಸಿದರು. 1839ರಲ್ಲಿ ಬಂದ ವಿಲಿಯಂ ಆರ್ಥರ್ ಅಲ್ಲಿ ಕನ್ನಡ ಕಲಿತು, ಕಣ್ಣಿನ ತೊಂದರೆಯಿಂದ ಬೇಗನೆ ಹಿಂದಿರುಗಿ, 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತು ಪುಸ್ತಕ ಬರೆದರು. ಗ್ರಾಮದೇವತೆಗಳನ್ನು ಕುರಿತು ಮಿಷನ್ ವಲಯದಿಂದ ಬಂದ ಹೆಚ್ಚು ಪ್ರಸಿದ್ಧ ಗ್ರಂಥವಾದರೋ 1916ರಲ್ಲಿ ಪ್ರಕಟವಾಯಿತು. ಅದನ್ನು ಬರೆದವರು ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್, ತತ್ವಜ್ಞಾನಿ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ಡರ ಅಣ್ಣ. ಮೈಸೂರು ಸಂಸ್ಥಾನದ ಅಮ್ಮಂದಿರೂ ಅದರಲ್ಲಿ ಬರುತ್ತಾರೆ. ಬಿಷಪ್ಪರ ನೋಟ ಎರಡಾಗಿ ಸೀಳಿದೆ. ಬಲಿಯ ಮೂಲದಲ್ಲಿ ದೈವದೊಡನೆ ಅನ್ಯೋನ್ಯತೆಯ ಹಂಬಲವಿದೆಯೆಂದು ಊಹಿಸುವವರೂ ಅವರೇ. ಇಡೀ ವ್ಯವಸ್ಥೆ ಭಯದಿಂದ ಹುಟ್ಟಿದ್ದು, ಅದನ್ನು ಕಡಿದು ನೆಲವನ್ನು ಹಸನು ಮಾಡಬೇಕೆಂದು ಹೇಳುವವರೂ ಅವರೇ. ನಮ್ಮ ಉಪದೇಶಗಳಲ್ಲಿ ಉಳಿದುಕೊಂಡದ್ದು ಎರಡನೆಯ ಮಾತು ಮಾತ್ರ.

ಈಗ ನವಪೇಗನ್ ಪಂಥಕ್ಕೆ ಬರೋಣ. ಅದು ಹುಟ್ಟಿದ್ದು ಯೂರೋಪಿನಲ್ಲಿ. ಆದರೆ ಅದರ ಹಾದಿ ಎರಡು ಮೂರು ಸಲ ನಮ್ಮ ಉಪಖಂಡವನ್ನು ಹಾಯ್ದು ಹೋಗಿದೆ. 1863ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಮಾರ್ಗರೆಟ್ ಮರ್ರೆ, ಮುಂದೆ ಲಂಡನ್ನಿನಲ್ಲಿ ಈಜಿಪ್ಟಿನ ಪುರಾತತ್ತ್ವದ ವಿದ್ವಾಂಸೆಯಾಗಿ, 1921ರಲ್ಲಿ ಒಂದು ಗ್ರಂಥ ಪ್ರಕಟಿಸಿದಳು. ಯೂರೋಪಿನಲ್ಲಿ ಮಾಟಗಾತಿಯರೆಂದು ಕೊಲ್ಲಲ್ಪಟ್ಟವರು ವಾಸ್ತವದಲ್ಲಿ ಕ್ರಿಸ್ತಪೂರ್ವದ ಒಂದು ಗುಪ್ತ ಧರ್ಮದ ಅನುಯಾಯಿಗಳಾಗಿದ್ದರೆಂಬುದು ಅವಳ ವಾದ. ಸಿಂಹಳದ ಚಹಾ ತೋಟದಲ್ಲಿಯೂ ಮಲಯದ ಸುಂಕದ ಇಲಾಖೆಯಲ್ಲಿಯೂ ದುಡಿದು 1936ರಲ್ಲಿ ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದ ಜೆರಾಲ್ಡ್ ಗಾರ್ಡ್‌ನರ್, ಅಂಥ ಒಂದು ಗುಂಪು ಇನ್ನೂ ಜೀವಂತವಾಗಿದೆ, ತಾನು ಅದರಲ್ಲಿ ದೀಕ್ಷೆ ಪಡೆದಿದ್ದೇನೆಂದು ಸಾರಿದನು. ಮಾಟದ ವಿರುದ್ಧದ ಹಳೆಯ ಕಾನೂನು 1951ರಲ್ಲಿ ರದ್ದಾಗಿತ್ತು. 1954ರಲ್ಲಿ ಅವನ ಪುಸ್ತಕ ಹೊರಬಂದಿತು, ಮುನ್ನುಡಿ ಮರ್ರೆಯದು. ವಿಕ್ಕಾ ಎಂಬ ಪಂಥ ಬಹಿರಂಗವಾದದ್ದು ಹೀಗೆ.

ವಿಕ್ಕಾದವರು ಕೊಂಬುಳ್ಳ ದೇವನನ್ನೂ ಮಹಾದೇವಿಯನ್ನೂ ಪೂಜಿಸುತ್ತಾರೆ. ಸಣ್ಣ ಗುಂಪುಗಳಲ್ಲಿ ಸೇರಿ, ನೆಲದ ಮೇಲೆ ವೃತ್ತ ಬರೆದು, ನಾಲ್ಕು ದಿಕ್ಕುಗಳನ್ನು ಆಹ್ವಾನಿಸುತ್ತಾರೆ. ಸೂರ್ಯನ ಅಯನ ಮತ್ತು ವಿಷುವಗಳೊಡನೆ ನಾಲ್ಕು ಋತುಹಬ್ಬಗಳನ್ನು ಸೇರಿಸಿ ವರ್ಷಕ್ಕೆ ಎಂಟು ಹಬ್ಬ ಆಚರಿಸುತ್ತಾರೆ. ಸೈತಾನನ ಆರಾಧನೆಗೂ ಇದಕ್ಕೂ ಸಂಬಂಧವಿಲ್ಲ. ಸೈತಾನನು ನಮ್ಮ ಶಾಸ್ತ್ರದ ಪಾತ್ರ, ಅವರ ಜಗತ್ತಿನಲ್ಲಿ ಅವನಿಗೆ ಸ್ಥಾನವಿಲ್ಲ. ಈ ಒಂದು ತಪ್ಪನ್ನು ವೇದಿಕೆಯಿಂದ ಹೇಳದಿದ್ದರೆ ಸಾಕು, ಅರ್ಧ ಜಗಳ ತೀರುತ್ತದೆ. ವಿಕ್ಕಾ ಒಂದೇ ಅಲ್ಲ, ಡ್ರುಯಿಡ್ ಗುಂಪುಗಳಿವೆ. ಐಸ್‌ಲೆಂಡಿನಲ್ಲಿ ಕುರಿಸಾಕಣೆಯ ರೈತನೂ ಕವಿಯೂ ಆದ ಸ್ವೇನ್‌ಬ್ಯೋರ್ನ್ ಬೇಯ್ನ್‌ಟೇಯ್ನ್‌ಸನ್ 1972ರಲ್ಲಿ ಕಟ್ಟಿದ, 1973ರಲ್ಲಿ ಸರ್ಕಾರದ ಮನ್ನಣೆ ಪಡೆದ, ಹಳೆಯ ನಾರ್ಸ್ ದೇವತೆಗಳ ಸಂಘವಿದೆ. ಲಿಥುವೇನಿಯದಲ್ಲಿ ರೊಮುವಾ ಇದೆ.

ಗುಪ್ತವಾಗಿ ಉಳಿದು ಬಂದ ಪುರಾತನ ಧರ್ಮವೆಂಬ ವಾದ ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಬ್ರಿಸ್ಟಲ್ಲಿನ ರೊನಾಲ್ಡ್ ಹಟ್ಟನ್ 1999ರಲ್ಲಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನವು, ಅದರ ಅಂಗಾಂಗಗಳು ರೊಮ್ಯಾಂಟಿಕ್ ಕವಿಗಳಿಂದ, ಜಾನಪದ ಸಂಗ್ರಹಗಳಿಂದ, ಫ್ರೀಮೇಸನ್ ಮುಂತಾದ ರಹಸ್ಯ ಸಂಘಗಳಿಂದ ಬಂದವೆಂದು ತೋರಿಸಿತು. ಅನೇಕ ಪೇಗನರು ಅದನ್ನು ಒಪ್ಪಿಕೊಂಡರೆಂಬುದು ಗಮನಿಸತಕ್ಕದ್ದು. ಧರ್ಮವೊಂದು ಹೊಸದೆಂಬ ಕಾರಣಕ್ಕೆ ಸುಳ್ಳಾಗುವುದಿಲ್ಲವೆಂದು ಅವರು ಹೇಳುತ್ತಾರೆ. ಇದನ್ನು ತಳ್ಳಿಹಾಕುವ ಮೊದಲು, ರೋಮಿನವರು ಆದಿಸಭೆಯ ಮೇಲೆ ಹೊರಿಸಿದ ದೊಡ್ಡ ಆರೋಪವೂ ಹೊಸತನದ್ದೇ ಎಂಬುದನ್ನು ನಾವು ನೆನೆಯಬೇಕು.

ಜರ್ಮನಿಯ ದಾರಿ ಬೇರೆ, ಅದು ನಮಗೆ ಹೆಚ್ಚು ನೋವಿನದು. ಯಾಕೋಬ್ ವಿಲ್ಹೆಲ್ಮ್ ಹೌವರ್ 1907ರಲ್ಲಿ ಬಾಸೆಲ್ ಮಿಷನ್ನಿನ ಮಿಷನರಿಯಾಗಿ ಮಲಬಾರಿಗೆ ಬಂದನು. ಮಂಗಳೂರಿನಲ್ಲಿ 1834ರಿಂದ ಸೇವೆ ಮಾಡಿದ, ತುಳುವರ ಪಾಡ್ದನಗಳನ್ನು 1886ರಲ್ಲಿ ಅಚ್ಚು ಹಾಕಿಸಿದ ಅದೇ ಮಿಷನ್. ಹೌವರ್ 1911ರಲ್ಲಿ ಹಿಂದಿರುಗಿ, ಮಿಷನ್ನನ್ನು ಬಿಟ್ಟು, ಸಂಸ್ಕೃತ ಓದಿ, ಟ್ಯೂಬಿಂಗನ್ನಿನಲ್ಲಿ ಪ್ರಾಧ್ಯಾಪಕನಾದನು. 1933-34ರಲ್ಲಿ ‘ಜರ್ಮನ್ ನಂಬಿಕೆಯ ಚಳವಳಿ’ಯನ್ನು ಕಟ್ಟಿ ಅದರ ನಾಯಕನಾದನು: ಕ್ರೈಸ್ತಧರ್ಮ ಸೆಮಿಟಿಕ್ ಮೂಲದ್ದು, ಜರ್ಮನರ ರಕ್ತಕ್ಕೆ ಹೊರಗಿನದು ಎಂಬುದು ಅದರ ತಿರುಳು. ಭಗವದ್ಗೀತೆಯನ್ನು ಆರ್ಯರ ಹೋರಾಟದ ತತ್ವಶಾಸ್ತ್ರವೆಂದು ವ್ಯಾಖ್ಯಾನಿಸಿ 1934ರಲ್ಲಿ ಪುಸ್ತಕವನ್ನೂ ಬರೆದನು. 1936ರಲ್ಲಿ ನಾಯಕತ್ವ ಬಿಡಬೇಕಾಯಿತು. ಆದರೆ ಹೌವರನೇ ಅಂದಿನ ಮುಖ್ಯ ಅಪಾಯವೆಂದು ಹೇಳಿದರೆ ನಾವು ನುಣುಚಿಕೊಂಡಂತೆ. 1934ರ ಮೇ ತಿಂಗಳ ಬಾರ್ಮೆನ್ ಘೋಷಣೆ ಎದುರಿಸಿದ್ದು ಮುಖ್ಯವಾಗಿ ಸಭೆಯೊಳಗೇ ಕುಳಿತಿದ್ದ ‘ಜರ್ಮನ್ ಕ್ರೈಸ್ತ’ರನ್ನು. ನೆಲ ಮತ್ತು ರಕ್ತದ ದೇವರು ಬಲಿಪೀಠದ ಹಿಂದೆ ಶಿಲುಬೆಯನ್ನು ಇಟ್ಟುಕೊಂಡೂ ಬರಬಲ್ಲನು. ಇಂದಿನ ಪೇಗನರಲ್ಲಿ ಬಹುಮಂದಿ ಜನಾಂಗವಾದವನ್ನು ತಿರಸ್ಕರಿಸುತ್ತಾರೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು.

ನಮ್ಮ ರಾಜ್ಯದಲ್ಲಿಯೂ ಈ ನಂಟಿನ ಒಂದು ರೂಪ ಕಾಣಿಸಿದೆ. ಪ್ರಾಚೀನ ಪರಂಪರೆಗಳ ಹಿರಿಯರ ಅಂತರರಾಷ್ಟ್ರೀಯ ಸಮ್ಮೇಳನ 2003ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ 2015ರಲ್ಲಿ ಮೈಸೂರಿನಲ್ಲಿ ಸೇರಿತು. ಯೂರೋಪಿನ ಪೇಗನರನ್ನೂ ಹಿಂದೂಗಳನ್ನೂ ಒಂದೇ ಕುಟುಂಬವಾಗಿ ಕಾಣುವ ದೃಷ್ಟಿ ಅದರ ಹಿಂದಿದೆ.

ಇಲ್ಲಿ ಬಿಳಿಗೆರೆಗೆ ಮರಳಬೇಕು, ಏಕೆಂದರೆ ಆ ಕುಟುಂಬದ ಹೋಲಿಕೆ ಈ ಸೀಮೆಯಲ್ಲಿ ನಿಲ್ಲುವುದಿಲ್ಲ. ತಿಪಟೂರಿನ ಕೆಂಪಮ್ಮ, ತುರುವೇಕೆರೆಯ ಉಡುಸಲಮ್ಮ ಪ್ರಕೃತಿಯ ಸಾಮಾನ್ಯ ಸಂಕೇತಗಳಲ್ಲ. ಅವರು ಆ ಊರಿನ ಅಮ್ಮಂದಿರು. ಎಲ್ಲೆಯಿದೆ, ಒಕ್ಕಲಿದೆ, ಪೂಜಾರಿಯ ಮನೆತನವಿದೆ. ದಸರೀಘಟ್ಟದಲ್ಲಿ ಚೌಡೇಶ್ವರಿಯ ಉತ್ಸವಮೂರ್ತಿ ಹೊತ್ತವರ ಕೈಯಲ್ಲಿ ಬಾಗಿ, ಹಲಗೆಯ ಮೇಲೆ ಹರಡಿದ ಹಿಟ್ಟಿನಲ್ಲಿ ಕನ್ನಡದ ಅಕ್ಷರ ಬರೆಯುತ್ತಾಳೆಂದು ನಂಬಿ ಜನ ಸಾಲುಗಟ್ಟುತ್ತಾರೆ. ಅವರು ಕೇಳುವುದು ಕಾಯಿಲೆ, ಕೋರ್ಟು, ಮದುವೆ, ಕೊಳವೆಬಾವಿಯ ವಿಷಯ. ಸೋಮನ ಮುಖವಾಡ ಹೊತ್ತು ಕುಣಿಯುವವನು ವಾರಾಂತ್ಯದ ಶಿಬಿರಕ್ಕೆ ಹೆಸರು ನೋಂದಾಯಿಸಿ ಬಂದವನಲ್ಲ. ಅದು ಅವನ ಮನೆತನಕ್ಕೆ ಬಂದ ಹೊಣೆ. ಗಾರ್ಡ್‌ನರನ ವೃತ್ತಕ್ಕೆ ಸೇರುವವನು ಆರಿಸಿಕೊಂಡು ಸೇರುತ್ತಾನೆ, ಬೇಸರವಾದರೆ ಹೊರಡುತ್ತಾನೆ. ಅಮ್ಮನ ಹಬ್ಬದಲ್ಲಿ ಯಾರು ತಮಟೆ ಬಡಿಯಬೇಕು, ಯಾರು ಕೋಣದ ತಲೆ ಹೊರಬೇಕು, ಯಾರು ದೂರ ನಿಲ್ಲಬೇಕು ಎಂಬುದು ಹುಟ್ಟಿನಿಂದಲೇ ಗೊತ್ತಾಗಿರುತ್ತಿತ್ತು. ಪ್ರಾಣಿಬಲಿಯನ್ನು ಕರ್ನಾಟಕದ 1959ರ ಕಾನೂನು ನಿಷೇಧಿಸಿತು. ಹುಟ್ಟಿನ ಹೊಣೆ ಅಷ್ಟು ಸುಲಭವಾಗಿ ಹೋಗಲಿಲ್ಲ. ಕ್ರಿಸ್ತನನ್ನು ಒಪ್ಪಿದ ದಲಿತ ಕುಟುಂಬಕ್ಕೆ ಇನ್ನು ತಮಟೆ ಮುಟ್ಟುವುದಿಲ್ಲ ಎಂಬ ಮಾತೇ ಮೊದಲ ವಿಶ್ವಾಸಪ್ರಮಾಣವಾಗಿ ಒದಗಬಲ್ಲದು. ಹಳ್ಳಿಯ ಹಳೆಯ ಧರ್ಮವನ್ನು ದೂರದಿಂದ ಹಾಡಿ ಹೊಗಳುವವರು ಈ ಮಾತನ್ನು ಕೇಳಿಸಿಕೊಳ್ಳಬೇಕು.

ಹಾಗೆಂದು ತಮಟೆಯನ್ನು ಎಸೆದಲ್ಲಿಗೆ ಕಥೆ ಮುಗಿಯಲಿಲ್ಲ. ಬೆಂಗಳೂರಿನ ಸಂಯುಕ್ತ ದೈವಶಾಸ್ತ್ರ ಕಾಲೇಜಿನಲ್ಲಿ ಬೋಧಿಸಿದ ಸತ್ಯನಾಥನ್ ಕ್ಲಾರ್ಕ್ 1998ರ ತಮ್ಮ ಗ್ರಂಥದಲ್ಲಿ, ತಮಿಳು ಪರೈಯರ ಎಲ್ಲೆಯ ದೇವತೆಯಾದ ಎಲ್ಲೈಯಮ್ಮನನ್ನೂ ಅವರ ಪರೆಯನ್ನೂ ಮತ್ತೆ ಕೈಗೆತ್ತಿಕೊಂಡರು. ಮೇಲ್ಜಾತಿಯವರು ಅಪವಿತ್ರವೆಂದ ಆ ವಾದ್ಯದಲ್ಲಿಯೇ ಕ್ರಿಸ್ತನನ್ನು ಗುರುತಿಸಬಹುದೆಂಬುದು ಅವರ ಪ್ರತಿಪಾದನೆ. ನಾವು ಅದನ್ನು ಪೂರ್ತಿಯಾಗಿ ಒಪ್ಪಿಲ್ಲ. ಅಪಮಾನದ ನೆನಪು ಹಸಿಯಾಗಿರುವ ಸಭೆಯಲ್ಲಿ ಆ ವಾದ್ಯವನ್ನು ಬಲಿಪೀಠದ ಬಳಿ ಇಡುವ ಮೊದಲು ಅದನ್ನು ಬಡಿದ ಮುದುಕರನ್ನು ಕೇಳಬೇಕು. ಆದರೂ ‘ಪೇಗನ್’ ಎಂಬ ಒಂದು ಪದದಿಂದ ಕೈ ತೊಳೆದುಕೊಳ್ಳುವುದಕ್ಕಿಂತ ಈ ದಾರಿ ಪ್ರಾಮಾಣಿಕವಾದುದು.

ನವಪೇಗನರು ನಮ್ಮ ಮೇಲೆ ಹೊರಿಸುವ ಒಂದು ಆರೋಪವನ್ನು ಮಾತ್ರ ತಪ್ಪಿಸಿಕೊಳ್ಳಲಾಗದು. 1967ರಲ್ಲಿ ಇತಿಹಾಸಕಾರ ಲಿನ್ ವೈಟ್, ತಾನೇ ಕ್ರೈಸ್ತನಾಗಿದ್ದು, ಮರಕ್ಕೂ ಹೊಳೆಗೂ ಇದ್ದ ದೈವವನ್ನು ಓಡಿಸಿ ಸಭೆಯು ನಿಸರ್ಗದ ಲೂಟಿಗೆ ದಾರಿ ಮಾಡಿತೆಂದು ಬರೆದನು. ತೆಂಗಿನ ಸೀಮೆಯಲ್ಲಿ ನಿಂತು ಓದಿದರೆ ಈ ವಾದ ಅರ್ಧ ಮಾತ್ರ ಸರಿಯೆನಿಸುತ್ತದೆ. ಇಲ್ಲಿ ಅಮ್ಮಂದಿರು ಊರು ಬಿಟ್ಟಿಲ್ಲ, ಕಲ್ಪವೃಕ್ಷವೆಂಬ ಹೆಸರೂ ಹೋಗಿಲ್ಲ. ಆದರೂ ಕೊಳವೆಬಾವಿಗಳು ವರ್ಷವರ್ಷ ಆಳಕ್ಕೆ ಇಳಿದಿವೆ. ಮರವನ್ನು ಪೂಜಿಸುವುದರಿಂದಲೇ ಮರ ಉಳಿಯುವುದಿಲ್ಲ. ಆದಿಕಾಂಡದ ಮೊದಲ ಅಧ್ಯಾಯದ ದೊರೆತನವನ್ನು ನಾವು ಹೇಗೆ ಬೋಧಿಸಿದೆವೆಂಬ ಪ್ರಶ್ನೆ ಅದರಿಂದ ತೀರುವುದೂ ಇಲ್ಲ.

ಇನ್ನು ವಂತಿಗೆಯ ವಿಷಯ. ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 8ರಿಂದ 10ನೆಯ ಅಧ್ಯಾಯಗಳು ಇದಕ್ಕೆ ಹತ್ತಿರ ಬರುತ್ತವೆ. ಅಲ್ಲಿ ಅವನು ಎರಡು ಕಡೆಗೂ ಬಾಗಿಲು ಮುಚ್ಚುವುದಿಲ್ಲ: ವಿಗ್ರಹದ ಪಂಕ್ತಿಯಲ್ಲಿ ಪಾಲುಗೊಳ್ಳಬಾರದು, ಆದರೆ ನೆರೆಯವನು ಊಟಕ್ಕೆ ಕರೆದರೆ ಹೋಗಿ ಬಡಿಸಿದ್ದನ್ನು ಉಣ್ಣಬಹುದು, ಬಲಹೀನ ಮನಸ್ಸಾಕ್ಷಿಯವನಿಗೆ ಎಡವುಗಲ್ಲಾಗಬಾರದು. ಸಭಾಪಾಲಕರೊಬ್ಬರು ಒಂದು ಹಬ್ಬದಲ್ಲಿ ಇದನ್ನು ಹಿಡಿದು, ಬಲಿಗೂ ಪೂಜೆಗೂ ಕೊಡುವುದಿಲ್ಲ, ಊರಿನ ನೀರಿಗೂ ದೀಪಕ್ಕೂ ನೆಂಟರ ಅನ್ನಕ್ಕೂ ಕೊಡುತ್ತೇವೆಂದು ಹಿರಿಯರಿಗೆ ತಿಳಿಸಿದರು. ಹಿರಿಯರು ಒಪ್ಪಿದರು. ಒಪ್ಪದೆ ಮುಖ ತಿರುಗಿಸಿದ್ದು ಸಭೆಯದೇ ಒಬ್ಬ ಅಜ್ಜಿ. ಹಬ್ಬದ ದಿನ ತನ್ನ ಅಪ್ಪ ಎಲ್ಲಿ ನಿಲ್ಲುತ್ತಿದ್ದನೆಂಬುದು ಆಕೆಗೆ ನೆನಪಿತ್ತು. “ಅವತ್ತು ನಮ್ಮನ್ನ ಪಂಕ್ತೀಗೆ ಕೂರಿಸ್ಲಿಲ್ಲ, ಅಯ್ನೋರೇ. ಈಗ ಅನ್ನಕ್ಕೆ ಅಂತ ಯಾಕೆ ಕೊಡ್ಬೇಕು?” ಎಂದು ಆಕೆ ಕೇಳಿದಳು. ಅವರು ಆ ವರ್ಷದ ವಂತಿಗೆಯನ್ನು ಕೊಟ್ಟು ಬಂದು, ಸಂಜೆ ಆಕೆಯ ಮನೆಗೆ ಹೋಗಿ ಕುಳಿತರು.