ಹಾಡಿಯಿಂದ ಲೈನ್‌ಮನೆಗೆ: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ವಲಸೆ ಮತ್ತು ಆರೋಗ್ಯದ ಹೊಣೆ

ಮೈಸೂರು ಜಿಲ್ಲೆಯ ಪಶ್ಚಿಮ ಅಂಚಿನ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ.ಕೋಟೆ ತಾಲ್ಲೂಕುಗಳು ಎರಡು ಬಗೆಯ ವಲಸೆಯನ್ನು ಕಂಡಿವೆ. 1960ರ ಕೊನೆಯಲ್ಲಿ ಟಿಬೆಟಿನ ನಿರಾಶ್ರಿತರು ಬೈಲಕುಪ್ಪೆಗೆ ಬಂದರು. 1969ರಲ್ಲಿ ಅಲ್ಲೇ ಎರಡನೆಯ ವಸಾಹತು, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ವಸಾಹತು ಎದ್ದವು. ಇದೇ ದಶಕಗಳಲ್ಲಿ ಇಲ್ಲಿನ ಕಾಡನ್ನೇ ನಂಬಿ ಬದುಕಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರು ನೆಲೆ ಕಳೆದುಕೊಂಡರು. ಕೆಲವರ ನೆಲ ಕಬಿನಿ ಜಲಾಶಯದಲ್ಲಿ ಮುಳುಗಿತು, ಹಲವರನ್ನು ನಾಗರಹೊಳೆ ಅಭಯಾರಣ್ಯದಿಂದ ಹೊರಗೆ ಕಳಿಸಲಾಯಿತು. ಹೈಕೋರ್ಟ್ ಸೂಚನೆಯಂತೆ ರಚನೆಯಾಗಿ 2014ರಲ್ಲಿ ವರದಿ ಕೊಟ್ಟ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಹೀಗೆ ನೆಲೆ ತಪ್ಪಿದ 3,418 ಕುಟುಂಬಗಳನ್ನು ಗುರುತಿಸಿತು. ಕಾಡಿನ ದುಡಿಮೆ ಕೈತಪ್ಪಿದ ಮೇಲೆ ಅವರಿಗೆ ಉಳಿದದ್ದು ಕೊಡಗಿನ ಕಾಫಿ ತೋಟದ ಕೂಲಿ ಮತ್ತು ಶುಂಠಿ ಹೊಲದ ಕೂಲಿ. ಗಡಿ ದಾಟಿ ಬಂದ ಹೊರದೇಶದವರಿಗಿಂತ, ಪಕ್ಕದ ಜಿಲ್ಲೆಗೆ ಜೀಪು ಹತ್ತಿ ಹೋಗುವ ಈ ನೆಲದ ಮಕ್ಕಳಿಗೇ ಚಿಕಿತ್ಸೆಯ ಎಳೆ ಹೆಚ್ಚು ಸಲ ಕಡಿದುಹೋಗುತ್ತದೆ. ಹೋದ ದೂರವಾಗಲಿ ಪೌರತ್ವವಾಗಲಿ ಇದನ್ನು ವಿವರಿಸುವುದಿಲ್ಲ. ಊರು ಬಿಟ್ಟವರ ದಾಖಲೆಯನ್ನೂ ಹೊಣೆಯನ್ನೂ ಯಾರು ಹೊತ್ತಿದ್ದಾರೆ ಎಂಬುದರಲ್ಲೇ ಅದರ ಕಾರಣವಿದೆ ಎಂಬುದು ಈ ಲೇಖನದ ವಾದ.

ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಫಿ ಕೊಯ್ಲು, ಅದರ ಬೆನ್ನಿಗೇ ಮೆಣಸು ಬಿಡಿಸುವ ಕೆಲಸ. ಹುಣಸೂರಿನ ಹಾಡಿಗಳಿಂದ, ಅಂದರೆ ಆದಿವಾಸಿ ನೆಲೆಗಳಿಂದ, ಆನೆಚೌಕೂರು ಮಾರ್ಗವಾಗಿ ಕೊಡಗಿನ ತಿತಿಮತಿ, ಗೋಣಿಕೊಪ್ಪಲಿನ ಕಡೆಗೂ ಎಚ್.ಡಿ.ಕೋಟೆಯ ಹಾಡಿಗಳಿಂದ ಬಾವಲಿ ದಾಟಿ ಕೇರಳದ ವಯನಾಡಿನ ಕಡೆಗೂ ಕೂಲಿಯವರು ಹೋಗುತ್ತಾರೆ. ಕೆಲವರು ಸಂಜೆಗೆ ಮರಳುತ್ತಾರೆ, ಉಳಿದವರು ಸಂಸಾರ ಸಮೇತ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ತಿಂಗಳುಗಟ್ಟಲೆ ಇರುತ್ತಾರೆ. ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಾದರೋ ಹಳ್ಳಿಯನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದ್ದು. ಆಶಾ ಕಾರ್ಯಕರ್ತೆಯ ಮನೆ ಭೇಟಿ, ತಾಯಿ ಕಾರ್ಡಿನ ತಪಾಸಣೆ, ಮಗುವಿನ ಚುಚ್ಚುಮದ್ದು, ಎಲ್ಲವೂ ಇಂಥ ಉಪಕೇಂದ್ರಕ್ಕೆ ಸೇರಿದ ಇಂಥ ಮನೆ ಎಂಬ ಎಣಿಕೆಯ ಮೇಲೆ ನಡೆಯುತ್ತವೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯನ್ನೇ ನೋಡಿ: ಗರ್ಭಿಣಿಯೂ ಬಾಣಂತಿಯೂ ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕೆಂಬುದು ಅದರ ಮೂಲ ಕಲ್ಪನೆ. ಬಸುರಿ ಹೆಂಗಸು ಕೊಯ್ಲಿಗೆ ಹೋದ ತಿಂಗಳುಗಳಲ್ಲಿ ಆ ಊಟ ಹಾಡಿಯಲ್ಲೇ ಉಳಿಯುತ್ತದೆ, ಆಕೆ ತೋಟದಲ್ಲಿರುತ್ತಾಳೆ. 2023ರ ನವೆಂಬರ್‌ನಲ್ಲಿ ಘೋಷಣೆಯಾದ ಪಿ.ಎಂ. ಜನಮನ್ ಯೋಜನೆ ಜೇನುಕುರುಬರಂಥ ಸಮುದಾಯಗಳಿಗೆ ಸಂಚಾರಿ ಚಿಕಿತ್ಸಾ ವಾಹನ ಒದಗಿಸುತ್ತದೆ. ಒಳ್ಳೆಯ ಕ್ರಮವೇ. ಆದರೆ ಆ ವಾಹನ ಹಗಲಲ್ಲಿ ಹಾಡಿಗೆ ಬಂದು ನಿಂತಾಗ ಅಲ್ಲಿ ಸಿಗುವವರು ಮುದುಕರು ಮತ್ತು ಚಿಕ್ಕ ಮಕ್ಕಳು.

ಈ ಬಿರುಕಿನ ನಿಜವಾದ ಬೆಲೆ ತಿಳಿಯುವುದು ದೀರ್ಘಕಾಲದ ಕಾಯಿಲೆಗಳಲ್ಲಿ. ಕ್ಷಯದ ಸಾಮಾನ್ಯ ಚಿಕಿತ್ಸೆಗೆ ಆರು ತಿಂಗಳು ಬೇಕು. ಕೊಯ್ಲಿನ ಹಂಗಾಮು ಬಹುಪಾಲು ರೋಗಿಗಳ ಆರು ತಿಂಗಳನ್ನು ನಡುವೆ ಎಲ್ಲಾದರೂ ಕತ್ತರಿಸುತ್ತದೆ. ಮಾತ್ರೆ ನಡುವೆ ನಿಂತರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದ ರೂಪವನ್ನೂ ತಾಳಬಹುದು. ಒತ್ತೊತ್ತಾಗಿ ಮಲಗುವ ಲೈನ್‌ಮನೆಯಲ್ಲಿ ಅದು ಇತರರಿಗೂ ಹರಡುತ್ತದೆ. ಇನ್ನೊಂದು, ಜನ ಸಿಕಲ್ ಸೆಲ್ ಎಂದೇ ಕರೆಯುವ ಕುಡುಗೋಲು ಕಣದ ರಕ್ತಹೀನತೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಇಲ್ಲಿಗೆ ಹತ್ತಿರದ ನೀಲಗಿರಿಯ ಬುಡಕಟ್ಟುಗಳಲ್ಲಿ. ಚಳಿ, ನೀರಡಿಕೆ, ಅತಿಯಾದ ದಣಿವು ಈ ರೋಗಿಗಳಲ್ಲಿ ತಡೆಯಲಾಗದ ನೋವಿನ ಬಿಕ್ಕಟ್ಟನ್ನು ಎಬ್ಬಿಸುತ್ತವೆ. ಕೊಡಗಿನ ಮುಂಜಾವಿನ ಚಳಿಯಲ್ಲಿ ಆರಂಭವಾಗಿ ಇಳಿಜಾರಿನಲ್ಲಿ ಮೂಟೆ ಹೊರುವುದರಲ್ಲಿ ಮುಗಿಯುವ ಕೊಯ್ಲಿನ ದಿನದಲ್ಲಿ ಈ ಮೂರೂ ಇವೆ. 2023ರ ಜುಲೈನಲ್ಲಿ ಆರಂಭವಾದ ಸಿಕಲ್ ಸೆಲ್ ರಾಷ್ಟ್ರೀಯ ಅಭಿಯಾನ ತಪಾಸಣೆಗೆ ಒತ್ತು ಕೊಟ್ಟಿದೆ. ಆದರೆ ಹಾಡಿಯಲ್ಲಿ ಕೊಟ್ಟ ತಪಾಸಣೆಯ ಕಾರ್ಡು ನೋವು ಬಂದ ರಾತ್ರಿ ತೋಟದ ಹತ್ತಿರದ ಆಸ್ಪತ್ರೆಯ ವೈದ್ಯರಿಗೆ ಕಾಣದಿದ್ದರೆ ಆ ತಪಾಸಣೆಯ ಫಲ ಅರ್ಧಕ್ಕೇ ನಿಲ್ಲುತ್ತದೆ.

ಬೈಲಕುಪ್ಪೆಯ ಅನುಭವ ಇಲ್ಲಿ ಪಾಠವಾಗಬಲ್ಲದು. ಎತ್ತರದ ತಂಪು ನಾಡಿನಿಂದ ಬಂದ ಟಿಬೆಟನ್ನರಿಗೆ ಈ ಬಯಲಿನ ಸೆಕೆ ಹೊಸದು, ಕಾಡು ಕಡಿದು ಹೊಲ ಮಾಡುವ ದುಡಿಮೆಯೂ ಹೊಸದು. ಮೊದಲ ವರ್ಷಗಳಲ್ಲಿ ಅವರು ಕಾಯಿಲೆ, ಸಾವುಗಳನ್ನು ಹೆಚ್ಚಾಗಿ ಕಂಡರು. ಇಂದಿಗೂ ಭಾರತದ ಟಿಬೆಟನ್ ಸಮುದಾಯದಲ್ಲಿ ಕ್ಷಯ ಹೆಚ್ಚು. ಮಠಗಳ ಮತ್ತು ಶಾಲೆಗಳ ಒಟ್ಟುವಾಸ ಅದಕ್ಕೆ ಒಂದು ಕಾರಣ. ಆದರೂ ಅವರಿಗೆ ವಸಾಹತಿನ ಒಳಗೇ ಆಸ್ಪತ್ರೆ ಇದೆ, ಹುಡುಕಿ ತಪಾಸಣೆ ಮಾಡುವ ತಮ್ಮದೇ ಆರೋಗ್ಯ ಇಲಾಖೆ ಇದೆ. ಗಮನಿಸಬೇಕಾದ ಸಂಗತಿಯೆಂದರೆ, ಟಿಬೆಟನ್ನರಲ್ಲೂ ಅನೇಕರು ಚಳಿಗಾಲದ ತಿಂಗಳುಗಳಲ್ಲಿ ಸ್ವೆಟರ್ ವ್ಯಾಪಾರಕ್ಕೆ ಊರೂರು ಅಲೆಯುತ್ತಾರೆ, ಅಂದರೆ ಹೆಚ್ಚುಕಡಿಮೆ ಕೊಯ್ಲಿನ ಹಂಗಾಮಿನಲ್ಲೇ. ಅಲೆದಾಟ ಇಬ್ಬರಿಗೂ ಸಮಾನ, ಮರಳಿ ಬಂದಾಗ ಎದುರಾಗುವ ವ್ಯವಸ್ಥೆ ಬೇರೆ. ಅವರಿಗೆ ವಿದೇಶಿ ನೆರವಿತ್ತು, ಈ ಹೋಲಿಕೆ ನ್ಯಾಯವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನೆರವು ಬಂದದ್ದು ನಿಜ. ಆದರೆ ಸರಗೂರು ಮತ್ತು ಕೆಂಚನಹಳ್ಳಿಯಲ್ಲಿ ಆಸ್ಪತ್ರೆ ನಡೆಸುವ, 1984ರಲ್ಲಿ ಸ್ಥಾಪನೆಯಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಕೆಲಸ ಆದಿವಾಸಿಗಳ ನಡುವೆಯೂ ಇಂಥ ವ್ಯವಸ್ಥೆ ಬೇರೂರಬಲ್ಲದೆಂದು ತೋರಿಸಿದೆ. ಉಳಿದಿರುವ ಕೊರತೆ ಜಿಲ್ಲೆಯ ಗಡಿಯಾಚೆಗಿನದು.

ಆ ಗಡಿಯನ್ನು ಕಾನೂನೂ ಗಟ್ಟಿಮಾಡಿದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನ ಮೇಲೆ ವೈದ್ಯಕೀಯ ಸೌಲಭ್ಯದ ಹೊಣೆ ಹೊರಿಸಿತು, ಆದರೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ವಯನಾಡಿಗೆ ಹೋದವರು ಅದರ ಪರಿಧಿಗೆ ಬರಬಹುದಿತ್ತು, ಕೊಡಗಿನ ವಿರಾಜಪೇಟೆಗೆ ಹೋದವರು ಬರುತ್ತಿರಲಿಲ್ಲ. ಅದರ ಜಾಗಕ್ಕೆ ಬಂದ 2020ರ ಕಾರ್ಮಿಕ ಸಂಹಿತೆಯೂ ಅಂತರರಾಜ್ಯವೆಂಬ ಗೆರೆಯನ್ನು ಉಳಿಸಿಕೊಂಡಿದೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ ವೈದ್ಯಕೀಯ ನೆರವು, ವಸತಿ ಇತ್ಯಾದಿ ದೊಡ್ಡ ತೋಟಗಳಿಗೆ ಅನ್ವಯಿಸುತ್ತಿತ್ತು; ಕೊಡಗಿನ ಅಸಂಖ್ಯ ಸಣ್ಣ ಹಿಡುವಳಿಗಳು ಹೊರಗುಳಿದವು. ಇದೇ ಜಿಲ್ಲೆಯ ಕೆ.ಆರ್.ನಗರದಿಂದ ಮೈಸೂರು, ಬೆಂಗಳೂರಿಗೆ ದುಡಿಯಲು ಹೋಗುವವರೂ ರಾಜ್ಯದ ಒಳಗಿನ ವಲಸಿಗರೇ ಆದ್ದರಿಂದ ಈ ಕಾನೂನುಗಳ ಕಣ್ಣಿಗೆ ಬೀಳುವುದಿಲ್ಲ.

ಆದಿವಾಸಿಗಳು ನಾಟಿ ಮದ್ದು, ದೇವರು ದಿಂಡರನ್ನು ನಂಬಿ ಆಸ್ಪತ್ರೆಗೆ ಬರುವುದಿಲ್ಲ, ಕುಡಿತವೇ ಅವರ ಕಾಯಿಲೆಯ ಮೂಲ ಎಂಬ ಮಾತು ಕಚೇರಿಗಳಲ್ಲಿ ಆಗಾಗ ಕೇಳಿಬರುತ್ತದೆ. ಕುಡಿತದ ಹಾನಿಯನ್ನು ಅಲ್ಲಗಳೆಯಲಾಗದು. ಆದರೆ ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಮುಂಗಡ ಹಣ ಪಡೆದಿದ್ದರೆ ಸಾಲ ಬೆಳೆಯುತ್ತದೆ. ಈ ಲೆಕ್ಕ ಹಾಕುವವನನ್ನು ಮೂಢನಂಬಿಕೆಯವನೆನ್ನುವುದು ಅನ್ಯಾಯ. ವಲಸೆಯಿಂದ ಕೂಲಿ ಬಂದು ಊಟ ಸುಧಾರಿಸುತ್ತದೆ, ತೋಟದಲ್ಲಿರುವವರು ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ ಎಂಬ ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. ಆದರೆ ದುಡಿಯಲು ಶಕ್ತಿಯಿರುವವರೇ ಹೋಗುತ್ತಾರೆ, ಕಾಯಿಲೆ ಬಿದ್ದವರು ಹಾಡಿಗೆ ಮರಳುತ್ತಾರೆ. ತೋಟದಲ್ಲಿ ಹುಟ್ಟಿದ ರೋಗ ಹೀಗೆ ಹಾಡಿಯ ಲೆಕ್ಕಕ್ಕೆ ಸೇರುತ್ತದೆ, ತೋಟದ ಲೆಕ್ಕ ಚೊಕ್ಕಟವಾಗಿ ಉಳಿಯುತ್ತದೆ.

ಇದನ್ನು ಸರಿಪಡಿಸಲು ದೊಡ್ಡ ಆವಿಷ್ಕಾರ ಬೇಕಿಲ್ಲ. ಕ್ಷಯರೋಗಿಯನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುವ ಸೌಲಭ್ಯ ಕ್ಷಯರೋಗಿಗಳ ದಾಖಲೆಯಿಡುವ ನಿಕ್ಷಯ್ ಜಾಲದಲ್ಲಿ ಈಗಾಗಲೇ ಇದೆ. ತಾಯಿ ಕಾರ್ಡಿಗೂ ಸಿಕಲ್ ಸೆಲ್ ದಾಖಲೆಗೂ ಅದೇ ಕ್ರಮವನ್ನು ಅನ್ವಯಿಸಬೇಕು. ಕೊಯ್ಲು ಆರಂಭವಾಗುವ ಮೊದಲು ಮೈಸೂರು ಮತ್ತು ಕೊಡಗಿನ ಆರೋಗ್ಯಾಧಿಕಾರಿಗಳು ಕೂತು, ಯಾವ ಹಾಡಿಯವರು ಯಾವ ತೋಟಕ್ಕೆ ಹೋಗುತ್ತಾರೆಂಬ ಪಟ್ಟಿಯನ್ನು ವರ್ಷವರ್ಷವೂ ಸಿದ್ಧಪಡಿಸಬೇಕು. ಸಂಚಾರಿ ವಾಹನಗಳು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಂಜೆಯ ಹೊತ್ತು ಲೈನ್‌ಮನೆಗಳ ಬಳಿ ನಿಲ್ಲಬೇಕು. ಎರಡೂ ಜಿಲ್ಲೆಗಳು ಒಂದೇ ಸರ್ಕಾರದ ಆಡಳಿತದಲ್ಲಿರುವುದರಿಂದ ಇದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ, ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.