ನಮ್ಮಕ್ಷರ ಪರದೆ ಮೇಲೆ ಯಾಕೆ ಬರ್ಲಿಲ್ಲ?

ನಮ್ಮತ್ತಿಗೆಗೆ ಓದಕ್ಕೆ ಬರೋದು ಕನ್ನಡ ಒಂದೇ. ಸಂಘದ ಲೆಕ್ಕ ಬರೆಯೋರೂ ಅವರೇ. ಹಳೆ ಲ್ಯಾಪ್‌ಟಾಪ್ ಒಂದಿತ್ತಲ್ಲ, ಅದಕ್ಕೆ ಡೆಬಿಯನ್ ಅನ್ನೋ ಲಿನಕ್ಸ್ ಹಾಕ್ಕೊಡಾಣ ಅಂತ ಕೂತ್ವಿ. ‘ಗ್ರಾಫಿಕಲ್ ಇನ್‌ಸ್ಟಾಲ್’ ಒತ್ತಿದ್ರೆ ಪರದೆ ಕಪ್ಪಾಗೋಯ್ತು. ಆಮೇಲೆ ಬರೀ ‘ಇನ್‌ಸ್ಟಾಲ್’ ಒತ್ತಿದ್ವಿ. ಭಾಷೆಗಳ ಪಟ್ಟಿ ಬಂತು, ಮೇಲಿಂದ ಕೆಳಗಂಟ ಹುಡುಕಿದ್ರೂ ಕನ್ನಡ ಇಲ್ಲ.

“ನಮ್ಮ ಭಾಷೆಗೆ ಇದ್ರಲ್ಲಿ ಜಾಗ ಇಲ್ಲ, ಬುಡವ್ವ” ಅಂತ ಅತ್ತಿಗೆ ಎದ್ದೋದ್ರು. ನಂಗೆ ಹೊಟ್ಟೆ ಚುರುಕ್ ಅಂತು.

ಜಾಗ ಇತ್ತು ಕಣ್ರಕ್ಕ. ನಾವು ಹೋದ ಬಾಗಿಲು ಬೇರೆ, ಅಷ್ಟೆಯ.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಅನ್ನೋ ಹುಡುಗನ ಕೈಲಿ. ಅದೇ ವರ್ಷ ಯೂನಿಕೋಡ್ ಅನ್ನೋ ಅಕ್ಷರಪಟ್ಟಿ ಮೊದಲ ಸಲ ಬಂತು. ಅದರಲ್ಲಿ ಕನ್ನಡವೂ ಇತ್ತು. ಆದ್ರೆ ಪಟ್ಟಿಲಿ ಹೆಸರಿದ್ರೆ ಸಾಕಾ? ಪರದೆ ಮೇಲೆ ಬರ್ಬೇಕಲ್ಲ.

ಲಿನಕ್ಸಿನ ಬರೀ ಅಕ್ಷರದ ಪರದೆ ಇಡ್ಲಿ ತಟ್ಟೆ ಇದ್ದಂಗೆ. ಒಂದು ಗುಳಿಗೆ ಒಂದಕ್ಷರ, ಎಲ್ಲ ಒಂದೇ ಅಳತೆ. ಒಟ್ಟು 512 ಆಕಾರಕ್ಕಿಂತ ಹೆಚ್ಚು ಹಿಡಿಸಾಕಿಲ್ಲ. ಇಂಗ್ಲಿಷಿಗೆ ಅದು ಧಾರಾಳ. ನಮ್ಮ ಕಳಲೆ ಲಕ್ಷ್ಮೀಕಾಂತಸ್ವಾಮಿ ಹೆಸರು ತಗೊಳ್ಳಿ. ‘ಕ್ಷ್ಮೀ’ ಅನ್ನೋದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿನ ಒಳಗೆ ಆರು ತುಂಡು. ಒತ್ತನ್ನ ಕೆಳಕ್ಕೆ ಇಳಿಸಿ, ದೀರ್ಘ ಎಳೆದು, ಸೇರಿಸಿ ಕೂರಿಸಕ್ಕೆ ಬೇರೆ ಕೆಲಸಗಾರ ಬೇಕು. 1999ರಲ್ಲಿ ಶುರುವಾದ ಪ್ಯಾಂಗೊ ಅಂಥದ್ದೊಂದು. ಗ್ರೀಕಿನ ‘ಎಲ್ಲ’, ಜಪಾನಿಯ ‘ಭಾಷೆ’ ಸೇರಿಸಿ ಇಟ್ಟ ಹೆಸರು ಅದು. ಕೇದಗೆ, ಮಲ್ಲಿಗೆ ಅಂತ ಕನ್ನಡದ ಬಿಟ್ಟಿ ಫಾಂಟುಗಳೂ ಬಂದ್ವು.

ಡೆಬಿಯನ್ನಿಗೆ ಚಿತ್ರದ ಪರದೇಲಿ ಇನ್‌ಸ್ಟಾಲ್ ಮಾಡೋ ದಾರಿ ಬಂದದ್ದು 2007ರಲ್ಲಿ. 2011ರ ಆರನೇ ಆವೃತ್ತೀಲಿ ಕನ್ನಡ ಪಟ್ಟಿಗೆ ಸೇರ್ತು, ಆದ್ರೆ ಈ ಚಿತ್ರದ ಬಾಗಿಲಲ್ಲಿ ಮಾತ್ರ. ನಾವು ಇಡ್ಲಿ ತಟ್ಟೇಲಿ ಒಬ್ಬಟ್ಟು ಹುಡುಕ್ತಿದ್ವಿ!

ಇನ್ನು ಮೊದಲು ಕಪ್ಪಾಗಿದ್ದು ಯಾಕೆ? 2009ರಿಂದೀಚೆಗೆ ಪರದೆಯ ಅಳತೆ ಗೊತ್ತು ಮಾಡೋ ಕೆಲಸ ಲಿನಕ್ಸಿನ ಒಳತಿರುಳಿಗೇ ಬಂತು. ಕೆಲವು ಯಂತ್ರದ ಗ್ರಾಫಿಕ್ಸ್ ಚಿಪ್ಪಿಗೂ ಅದಕ್ಕೂ ಹೊಂದಾಕಿಲ್ಲ. ಯಂತ್ರ ಸತ್ತಿರಾಕಿಲ್ಲ, ಪರದೆ ಮಾತ್ರ ಕಪ್ಪಾಗಿರ್ತದೆ. ಮೆನು ಬಂದಾಗ ಗ್ರಾಫಿಕಲ್ ಇನ್‌ಸ್ಟಾಲ್ ಮೇಲೆ ನಿಂತು ‘ಇ’ ಒತ್ತಿ. ‘ಲಿನಕ್ಸ್’ ಅಂತ ಶುರುವಾಗೋ ಸಾಲಿನ ಕೊನೇಲಿ ಒಂದು ಜಾಗ ಬುಟ್ಟು ಇಂಗ್ಲಿಷಲ್ಲಿ ‘ನೋಮೋಡ್‌ಸೆಟ್’ ಅಂತ ಸೇರಿಸಿ. ಆಮೇಲೆ ಕಂಟ್ರೋಲ್ ಹಿಡಿದು ‘ಎಕ್ಸ್’ ಒತ್ತಿ. ‘ಅಳತೆ ಗೋಜಿಗೆ ಹೋಗ್ಬೇಡ, ಇದ್ದಂಗೇ ತೋರ್ಸು’ ಅಂತ ಅದರರ್ಥ. ಅಕ್ಷರ ತುಸ ದಪ್ಪ ಕಂಡ್ರೂ ಕೆಲಸ ಆಯ್ತದೆ.

ನಮಗೂ ಹಂಗೇ ಆಯ್ತು. ಅತ್ತಿಗೇನ ಕರ್ದೆ. ಪಟ್ಟಿ ಮೇಲೆ ಬೆರಳಿಟ್ಟು ಓದ್ಕೊಂಡು ಬಂದು ‘ಕನ್ನಡ’ ಅನ್ನೋದ್ರ ಮೇಲೆ ನಿಂತ್ರು. “ಅದೆ ಕಣವ್ವ” ಅಂದು, ಅವರೇ ಒತ್ತಿದ್ರು.