ಖುಷಿಯಾಗಿದ್ದರೆ ಕೆಲಸ ಹೆಚ್ಚು ಆಗುತ್ತದೆಯೇ?

ಖುಷಿಯಾಗಿರುವ ನೌಕರರು ಹೆಚ್ಚು ಕೆಲಸ ಮಾಡುತ್ತಾರೆ ಎನ್ನುವುದುಂಟು. ಆದರೆ ಕೆಲಸ ಚೆನ್ನಾಗಿ ನಡೆದದ್ದರಿಂದಲೇ ಅವರು ಖುಷಿಯಾಗಿರಬಹುದಲ್ಲವೇ? ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದೇ ಇಲ್ಲಿನ ಕಷ್ಟ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಬಳಸಿದ್ದು ಹವಾಮಾನವನ್ನು! ಬ್ರಿಟನ್ನಿನ ದೂರವಾಣಿ ಕಂಪನಿ ಬಿಟಿಯ 11 ಕಾಲ್ ಸೆಂಟರ್‌ಗಳ ಸುಮಾರು 1,800 ನೌಕರರನ್ನು ಆರು ತಿಂಗಳು ಗಮನಿಸಿದರು. ವಾರಕ್ಕೊಮ್ಮೆ ಇಮೇಲ್‌ನಲ್ಲಿ ಐದು ಇಮೋಜಿಗಳು ಬರುತ್ತಿದ್ದವು, ಅಳುಮುಖದಿಂದ ನಗುಮುಖದವರೆಗೆ. ಆ ವಾರದ ಮನಸ್ಥಿತಿಗೆ ಹೊಂದುವ ಒಂದನ್ನು ಒತ್ತಬೇಕು, ಅಷ್ಟೇ. ಕಿಟಕಿಯಾಚೆ ಮೋಡ ಮುಸುಕಿದ ವಾರಗಳಲ್ಲಿ ನೌಕರರ ಖುಷಿ ಕುಗ್ಗಿತು, ಜೊತೆಗೆ ಮಾರಾಟವೂ. ಕರೆಗಳು ದೇಶದ ಎಲ್ಲ ಕಡೆಯಿಂದ ಬರುತ್ತಿದ್ದುದರಿಂದ ಗ್ರಾಹಕರ ಊರಿನ ಮಳೆಯನ್ನು ದೂರುವಂತಿರಲಿಲ್ಲ.

2019ರಲ್ಲಿ ಹೊರಬಂದ ಫಲಿತಾಂಶದಂತೆ ಖುಷಿಯಿದ್ದಾಗ ಉತ್ಪಾದಕತೆ ಶೇ. 13ರಷ್ಟು ಹೆಚ್ಚಿತ್ತು. ಹಾಗೆಂದು ಅವರು ಹೆಚ್ಚು ಹೊತ್ತು ದುಡಿಯಲಿಲ್ಲ (ಮಾಲೀಕರು ಇದನ್ನು ಗಮನಿಸಬೇಕು). ಗಂಟೆಗೆ ಹೆಚ್ಚು ಕರೆ ಮುಗಿಸಿದರು, ಮಾತಾಡಿದವರಲ್ಲಿ ಹೆಚ್ಚು ಜನರನ್ನು ಒಪ್ಪಿಸಿದರು. ವ್ಯತ್ಯಾಸ ಎದ್ದು ಕಂಡದ್ದು ಗ್ರಾಹಕರ ಮನವೊಲಿಸಬೇಕಾದ ಕರೆಗಳಲ್ಲಿ. ಬರೀ ಆರ್ಡರ್ ಬರೆದುಕೊಳ್ಳುವ ಕೆಲಸದಲ್ಲಿ ಅಷ್ಟಾಗಿ ಅಲ್ಲ.